ಶೃಂಗಸಭೆಗಳ ನಡುವಿನ ವರ್ಷಗಳು: ಜಾಗತಿಕ ಆರೋಗ್ಯದಲ್ಲಿ ಜಪಾನಿನ ಪಾತ್ರ

2000ದ ಜುಲೈಯಲ್ಲಿ ಶ್ರೀಮಂತ, ಬಲಿಷ್ಠ ಎಂಟು ರಾಷ್ಟ್ರಗಳ ಕೂಟವಾದ ಜಿ-8ರ ನಾಯಕರು ಜಪಾನಿನ ಒಕಿನಾವಾ ದ್ವೀಪದಲ್ಲಿ ಸೇರಿದರು. ಅಂಥ ಸಭೆಗಳಲ್ಲಿ ವ್ಯಾಪಾರ, ಸಾಲ, ಭದ್ರತೆಯದ್ದೇ ಕಾರುಬಾರು. ಆ ಸಲ ಆತಿಥೇಯ ಜಪಾನ್ ಎಚ್‌ಐವಿ, ಕ್ಷಯ, ಮಲೇರಿಯಾಗಳನ್ನು ಮುಖ್ಯ ಕಾರ್ಯಸೂಚಿಗೆ ತಂದಿತು. ಐದು ವರ್ಷಗಳಲ್ಲಿ 300 ಕೋಟಿ ಡಾಲರ್ ವೆಚ್ಚ ಮಾಡುವುದಾಗಿ ತಾನೇ ಮೊದಲು ಘೋಷಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ನೈಜೀರಿಯಾದ ಅಬುಜಾದಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಈ ರೋಗಗಳಿಗಾಗಿ ಜಾಗತಿಕ ನಿಧಿಯೊಂದು ಬೇಕೆಂದು ಕರೆ ಕೊಟ್ಟರು, ಜುಲೈನಲ್ಲಿ ಜಿನೋವಾ ಶೃಂಗಸಭೆ ಅದಕ್ಕೆ ಬೆಂಬಲ ಸೂಚಿಸಿತು, 2002ರ ಜನವರಿಯಲ್ಲಿ ಗ್ಲೋಬಲ್ ಫಂಡ್ ಹುಟ್ಟಿತು. ತನ್ನ ನೆರವಿನ ಕಾರ್ಯಕ್ರಮಗಳಿಂದ ಆರೂವರೆ ಕೋಟಿ ಜೀವಗಳು ಉಳಿದಿವೆ ಎಂದು ಆ ಸಂಸ್ಥೆ 2024ರಲ್ಲಿ ಲೆಕ್ಕ ಕೊಟ್ಟಿತು.

ಇಷ್ಟಾದರೂ ಜಾಗತಿಕ ಆರೋಗ್ಯದ ಮಾತು ಬಂದಾಗ ಮೊದಲು ನೆನಪಾಗುವ ದೇಶ ಜಪಾನ್ ಅಲ್ಲ. ಏಡ್ಸ್ ಎಂದರೆ ಅಮೆರಿಕ ಸರ್ಕಾರದ ಏಡ್ಸ್ ನೆರವಿನ ಯೋಜನೆ ಪೆಪ್ಫರ್, ಲಸಿಕೆ ಎಂದರೆ ಬ್ರಿಟನ್, ನಾರ್ವೆ, ಗೇಟ್ಸ್ ಪ್ರತಿಷ್ಠಾನ. ಗ್ಲೋಬಲ್ ಫಂಡಿಗೆ ಅತಿ ಹೆಚ್ಚು ಹಣ ಕೊಟ್ಟ ಸರ್ಕಾರಗಳ ಸಾಲಿನಲ್ಲಿ ಜಪಾನ್ ಅಮೆರಿಕ, ಫ್ರಾನ್ಸ್, ಬ್ರಿಟನ್, ಜರ್ಮನಿಗಳ ನಂತರ ಐದನೆಯದು. ಹಣವಿರುವ, ವಿಜ್ಞಾನವಿರುವ, ತನ್ನ ಜನರನ್ನು ಬಡತನದಿಂದ ದೀರ್ಘಾಯುಷ್ಯಕ್ಕೆ ತಂದ ಅನುಭವವೂ ಇರುವ ದೇಶವೊಂದು ಕೆಲವು ವರ್ಷ ಎತ್ತರದ ದನಿಯಲ್ಲಿ ಮಾತಾಡಿ ಮತ್ತೆ ಕೆಲವು ವರ್ಷ ಯಾಕೆ ಸುಮ್ಮನಾಗುತ್ತದೆ? ಈ ಅಧ್ಯಯನಕ್ಕೆ ನಾನು ಇಟ್ಟುಕೊಂಡ ಪ್ರಶ್ನೆ ಇದು.

ಸ್ವಂತ ಅನುಭವದ ಬಂಡವಾಳ

1950ರವರೆಗೆ ಜಪಾನಿನಲ್ಲಿ ಸಾವಿಗೆ ಮೊದಲ ಕಾರಣ ಕ್ಷಯ. ಯಮನಾಶಿ ಪ್ರಾಂತ್ಯದ ಗದ್ದೆಗಳಲ್ಲಿ ಹೊಟ್ಟೆ ಊದಿಸಿ ಕೊಲ್ಲುತ್ತಿದ್ದ ರೋಗದ ಹಿಂದೆ ಒಂದು ಪರೋಪಜೀವಿ ಇದೆಯೆಂದು 1904ರಲ್ಲಿ ಫುಜಿರೊ ಕತ್ಸುರಾದ ತೋರಿಸಿದರು. ಅದನ್ನು ಹೊತ್ತು ತರುವುದು ನೀರಿನ ಸಣ್ಣ ಬಸವನಹುಳು ಎಂಬುದು 1913ರಲ್ಲಿ ತಿಳಿಯಿತು. ಆಮೇಲಿನ ಕೆಲಸ ಬಹಳ ನಿಧಾನದ್ದು. ಬಸವನಹುಳು ಕೊಲ್ಲುವುದು, ನೀರಿನ ಕಾಲುವೆಗಳಿಗೆ ಕಾಂಕ್ರೀಟ್ ಹಾಕುವುದು, ಊರೂರಿನಲ್ಲಿ ಮಲ ಪರೀಕ್ಷೆ ಮಾಡುವುದು. ರೋಗ ಮುಗಿಯಿತು ಎಂದು ಯಮನಾಶಿ ಘೋಷಿಸಿದ್ದು 1996ರಲ್ಲಿ. 1954ರಲ್ಲಿ ಕಾಟೊ ಮತ್ತು ಮಿಯುರಾ ರೂಪಿಸಿದ, ಮಲ ಪರೀಕ್ಷೆಯ ಸೆಲ್ಲೋಫೇನ್ ವಿಧಾನವನ್ನು ಬ್ರೆಜಿಲಿನ ಕಾಟ್ಜ್ ಮುಂದೆ ತಿದ್ದಿದರು. ಕಾಟೊ-ಕಾಟ್ಜ್ ಎಂಬ ಜೋಡಿ ಹೆಸರಿನಲ್ಲಿ ಅದು ಆಫ್ರಿಕಾ, ಏಷ್ಯಾಗಳ ಹಳ್ಳಿಗಳಲ್ಲಿ ಪರೋಪಜೀವಿ ಹುಳುವಿನ ಮೊಟ್ಟೆ ಎಣಿಸಲು ಈಗಲೂ ಬಳಕೆಯಲ್ಲಿದೆ.

ಇನ್ನೊಂದು ಅನುಭವ ಆರೋಗ್ಯ ವಿಮೆಯದು. 1961ರಲ್ಲಿ, ಇನ್ನೂ ಶ್ರೀಮಂತ ದೇಶವಾಗುವ ಮುನ್ನವೇ, ಜಪಾನ್ ಪ್ರತಿಯೊಬ್ಬ ನಾಗರಿಕನನ್ನೂ ಸಾರ್ವಜನಿಕ ವಿಮೆಯೊಳಗೆ ತಂದಿತು. ಕಾರ್ಖಾನೆ ನೌಕರರನ್ನು ಸೇರಿಸುವುದು ಕಷ್ಟವಲ್ಲ, ಸಂಬಳದಲ್ಲೇ ಕಂತು ಹಿಡಿಯಬಹುದು. ರೈತರು, ಸಣ್ಣ ಅಂಗಡಿಯವರು, ದಿನಗೂಲಿಯವರನ್ನು ಸೇರಿಸುವಲ್ಲಿ ಹೆಚ್ಚಿನ ಬಡ ದೇಶಗಳು ಎಡವುತ್ತವೆ. ಜಪಾನ್ ಆ ಹೊಣೆಯನ್ನು ಪುರಸಭೆಗಳಿಗೆ ಕೊಟ್ಟು, ಖಜಾನೆಯಿಂದ ಸಹಾಯಧನ ತುಂಬಿತು. ಜೊತೆಗೆ ಪ್ರತಿ ಚಿಕಿತ್ಸೆಗೆ ಇಡೀ ದೇಶಕ್ಕೆ ಒಂದೇ ದರವನ್ನು ಸರ್ಕಾರ ನಿಗದಿ ಮಾಡಿತು. ಆಸ್ಪತ್ರೆ ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು ಕೇಳುವಂತಿಲ್ಲ. ವಿಮೆಯನ್ನು ಎಲ್ಲರಿಗೂ ಹಂಚಿ ದರವನ್ನು ಮಾರುಕಟ್ಟೆಗೆ ಬಿಟ್ಟರೆ ಏನಾಗುತ್ತದೆ ಎಂದು ಅನುಭವಿಸುತ್ತಿರುವ ದೇಶಗಳಿಗೆ ಈ ದರಪಟ್ಟಿಯ ಕಥೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜಪಾನಿನ ಭಾಷಣಗಳಲ್ಲಿ ಮಾತ್ರ 1961ರ ಇಸವಿ ಎದ್ದು ಕಾಣುತ್ತದೆ, ದರಪಟ್ಟಿಗಾಗಿ ವೈದ್ಯರ ಸಂಘದ ಜೊತೆ ನಡೆದ ಜಗ್ಗಾಟ ಕಾಣುವುದಿಲ್ಲ.

ನಾಲ್ಕು ಸಭೆ, ನಾಲ್ಕು ಘೋಷಣೆ

ಒಕಿನಾವಾದ ನಂತರ ಶೃಂಗಸಭೆಯ ಸರದಿ ಜಪಾನಿಗೆ 2008, 2016, 2023ರಲ್ಲಿ ಬಂತು. ಮೂರು ಸಲವೂ ಆರೋಗ್ಯ ಮುನ್ನೆಲೆಗೆ ಬಂತು. 2008ರಲ್ಲಿ ತೋಯಾಕೊದಲ್ಲಿ ಒಂದೊಂದು ರೋಗಕ್ಕೆ ಒಂದೊಂದು ನಿಧಿ ಸಾಲದು, ಆರೋಗ್ಯ ವ್ಯವಸ್ಥೆಯೇ ಗಟ್ಟಿಯಾಗಬೇಕು ಎಂಬ ವಾದ ಮುಂದಿಟ್ಟಿತು. ಇಸೆ-ಶಿಮಾದಲ್ಲಿ 2016ರಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ 11,000ಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಎಬೋಲಾದ ಬೆನ್ನಿಗೆ, ತುರ್ತು ಸ್ಪಂದನೆ ಮತ್ತು ಸಾರ್ವತ್ರಿಕ ಆರೋಗ್ಯ ರಕ್ಷಣೆ ಎರಡನ್ನೂ ಒಟ್ಟಿಗೆ ಎತ್ತಿಕೊಂಡಿತು. 2023ರಲ್ಲಿ ಹಿರೋಶಿಮಾದಲ್ಲಿ ಲಸಿಕೆ, ಔಷಧಗಳು ಬಡ ದೇಶಗಳಿಗೆ ಹೊತ್ತಿಗೆ ಸರಿಯಾಗಿ ತಲುಪುವ ವಿಷಯ. ನಡುವೆ 2019ರ ಒಸಾಕಾ ಜಿ-20 ಸಭೆಯಲ್ಲಿ ಹಣಕಾಸು ಮಂತ್ರಿಗಳನ್ನೂ ಆರೋಗ್ಯ ಮಂತ್ರಿಗಳನ್ನೂ ಒಂದೇ ಮೇಜಿಗೆ ಕೂರಿಸಿದ್ದು, ನನ್ನ ಎಣಿಕೆಯಲ್ಲಿ, ಇವೆಲ್ಲಕ್ಕಿಂತ ಜಾಣತನದ ನಡೆ. ಆರೋಗ್ಯ ಮಂತ್ರಿಗಳು ಪರಸ್ಪರ ಒಪ್ಪಿಕೊಳ್ಳುವುದರಿಂದ ಬಜೆಟ್ ಬದಲಾಗುವುದಿಲ್ಲ.

ಘೋಷಣೆಗಳು ಒಂದರಿಂದೊಂದು ಬೆಳೆದಿವೆ, ಅದನ್ನು ಅಲ್ಲಗಳೆಯಲಾಗದು. ತೊಂದರೆ ಇರುವುದು ನಡುವಿನ ವರ್ಷಗಳಲ್ಲಿ. ಒಕಿನಾವಾ ಸಭೆಗೆ ಸ್ಥಳ ಆರಿಸಿದ ಪ್ರಧಾನಿ ಕೇಝೊ ಒಬುಚಿ ಸಭೆಗೆ ಎರಡು ತಿಂಗಳ ಮೊದಲೇ ತೀರಿಕೊಂಡರು. 2006ರಿಂದ 2012ರೊಳಗೆ ದೇಶ ಆರು ಪ್ರಧಾನಿಗಳನ್ನು ಕಂಡಿತು. ವಿದೇಶಾಂಗ, ಆರೋಗ್ಯ, ಹಣಕಾಸು, ವಾಣಿಜ್ಯ ಸಚಿವಾಲಯಗಳು, ಜೊತೆಗೆ ನೆರವಿನ ಸಂಸ್ಥೆ ಜೈಕಾ, ಹೀಗೆ ಐದು ಮನೆಗಳಲ್ಲಿ ಹಂಚಿಹೋದ ವಿಷಯವನ್ನು ಯಾರಾದರೂ ಒಬ್ಬರು ಬೆನ್ನು ಹತ್ತಿದಾಗ ಮಾತ್ರ ಕೆಲಸ ಮುಂದೆ ಹೋಯಿತು. ತೋಯಾಕೊ ಸಮಯದಲ್ಲಿ ರಾಜಕಾರಣಿ ಕೇಝೊ ತಕೆಮಿ, ಆಮೇಲೆ ಪ್ರಧಾನಿ ಶಿಂಜೊ ಅಬೆ. ಜಾಗತಿಕ ಆರೋಗ್ಯ ರಾಜತಾಂತ್ರಿಕತೆಗೆ ಲಿಖಿತ ಕಾರ್ಯನೀತಿ ಬಂದದ್ದು 2013ರಲ್ಲಿ, ಒಕಿನಾವಾ ಆಗಿ ಹದಿಮೂರು ವರ್ಷಕ್ಕೆ.

ಹಣದ ಲೆಕ್ಕವೂ ಹಾಗೆಯೇ. 1990ರ ದಶಕದಲ್ಲಿ ಜಪಾನ್ ಜಗತ್ತಿನ ಅತಿ ದೊಡ್ಡ ದಾನಿ ದೇಶವಾಗಿತ್ತು. ಸಾಮಾನ್ಯ ಬಜೆಟ್ಟಿನಲ್ಲಿ ವಿದೇಶಿ ನೆರವಿಗೆ 1997ರಲ್ಲಿ ಇಟ್ಟದ್ದು ಸುಮಾರು 1.17 ಲಕ್ಷ ಕೋಟಿ ಯೆನ್. ಈಗ ಇಡುವುದು ಹೆಚ್ಚುಕಡಿಮೆ ಅದರ ಅರ್ಧ. ರಾಷ್ಟ್ರೀಯ ವರಮಾನದ ಶೇ 0.7ರಷ್ಟು ನೆರವಿಗೆ ಕೊಡಬೇಕೆಂಬ ಹಳೆಯ ಅಂತರರಾಷ್ಟ್ರೀಯ ಗುರಿಯನ್ನು ಜಪಾನ್ ಎಂದೂ ಮುಟ್ಟಿಲ್ಲ. ಕೊಟ್ಟ ಹಣದಲ್ಲೂ ದೊಡ್ಡ ಪಾಲು ಸಾಲ, ಅದು ಹೋಗುವುದು ರೈಲು, ರಸ್ತೆ, ವಿದ್ಯುತ್ತಿಗೆ. ಒಕಿನಾವಾದ 300 ಕೋಟಿ ಡಾಲರಿನ ಲೆಕ್ಕದೊಳಗೆ ಕುಡಿಯುವ ನೀರಿನ ಯೋಜನೆಗಳೂ ಸೇರಿದ್ದವು. ಶುದ್ಧ ನೀರು ಆರೋಗ್ಯಕ್ಕೆ ಬೇಡವೆಂದಲ್ಲ. ಆದರೆ ಕ್ಷಯದ ಔಷಧಿಗೆ ಹಣ ಬರುತ್ತದೆಂದು ಕಾದವರಿಗೆ ಇಂಥ ಲೆಕ್ಕ ಸಮಾಧಾನ ಕೊಡುವುದಿಲ್ಲ. 2022ರಿಂದ ಯೆನ್ ಕುಸಿದ ಮೇಲೆ ಡಾಲರಿನಲ್ಲಿ ಕೊಟ್ಟ ಮಾತು ಟೋಕಿಯೊದ ಹಣಕಾಸು ಸಚಿವಾಲಯಕ್ಕೆ ಇನ್ನಷ್ಟು ದುಬಾರಿಯಾಗಿದೆ.

ಎಲ್ಲಿ ಉಳಿದರೋ ಅಲ್ಲಿ ಫಲ

ಜಪಾನಿನ ನಿಜವಾದ ಗೆಲುವುಗಳು ಶೃಂಗಸಭೆಗಳ ಛಾಯಾಚಿತ್ರಗಳಿಂದ ದೂರ ಇವೆ.

ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ, ಜಪಾನ್ ಗರ್ಭಿಣಿ ಮತ್ತು ಮಗುವಿನ ವಿವರಗಳನ್ನು ಒಂದೇ ಕಡೆ ಬರೆದಿಡುವ ತಾಯಿ-ಮಗು ಪುಸ್ತಕವನ್ನು ಆರಂಭಿಸಿತು. ಗರ್ಭದ ತಪಾಸಣೆ, ಹೆರಿಗೆ, ತೂಕ, ಲಸಿಕೆ ಎಲ್ಲವೂ ಅದರಲ್ಲಿ. ಪುಸ್ತಕ ಇರುವುದು ತಾಯಿಯ ಕೈಯಲ್ಲಿ, ಆಸ್ಪತ್ರೆಯ ಕಪಾಟಿನಲ್ಲಲ್ಲ. ತರಬೇತಿಗೆಂದು ಜಪಾನಿಗೆ ಬಂದ ಇಂಡೋನೇಷ್ಯಾದ ವೈದ್ಯರೊಬ್ಬರು ಇದನ್ನು ಕಂಡು ತಮ್ಮ ದೇಶಕ್ಕೂ ಬೇಕೆಂದರು. 1993ರಲ್ಲಿ ಮಧ್ಯ ಜಾವಾದ ಸಾಲಾತಿಗಾ ಎಂಬ ಪಟ್ಟಣದಲ್ಲಿ ಜೈಕಾ ನೆರವಿನಿಂದ ಪ್ರಯೋಗ ಆರಂಭವಾಯಿತು. ಜಪಾನಿನದನ್ನು ಹಾಗೆಯೇ ಅಚ್ಚು ಹಾಕಿಸಲಿಲ್ಲ. ಚಿತ್ರ, ಭಾಷೆ, ಸಲಹೆ ಎಲ್ಲ ಅಲ್ಲಿಯವರದೇ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹಬ್ಬಿದ ಪುಸ್ತಕವನ್ನು 2004ರಲ್ಲಿ ಇಂಡೋನೇಷ್ಯಾದ ಆರೋಗ್ಯ ಸಚಿವಾಲಯ ಆದೇಶ ಹೊರಡಿಸಿ ಅಧಿಕೃತಗೊಳಿಸಿತು. ಈಗ ಬೇರೆ ದೇಶಗಳ ಅಧಿಕಾರಿಗಳು ಇದನ್ನು ಕಲಿಯಲು ಇಂಡೋನೇಷ್ಯಾಕ್ಕೆ ಹೋಗುತ್ತಾರೆ. ಪ್ಯಾಲೆಸ್ಟೀನಿನಲ್ಲಿ ಅರೇಬಿಕ್ ಆವೃತ್ತಿ ಬಂತು. ಚೆಕ್‌ಪೋಸ್ಟ್ ದಾಟಲಾಗದೆ ಬೇರೆ ಆಸ್ಪತ್ರೆಗೆ ಹೋಗಬೇಕಾದ ತಾಯಿಯ ಕೈಯಲ್ಲಿ ಅವಳ ಇಡೀ ವೈದ್ಯಕೀಯ ಚರಿತ್ರೆ ಇರುತ್ತದೆ ಎಂಬುದು ಅಲ್ಲಿ ಸಣ್ಣ ಸಂಗತಿಯಲ್ಲ. ಮನೆಯಲ್ಲೇ ಇಟ್ಟುಕೊಳ್ಳುವ ಇಂಥ ದಾಖಲೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸುಗಳನ್ನು ಪ್ರಕಟಿಸಿತು. ಆಸ್ಪತ್ರೆ ಕಟ್ಟಡವೊಂದರ ವೆಚ್ಚಕ್ಕೆ ಹೋಲಿಸಿದರೆ ಈ ಕೆಲಸಕ್ಕೆ ಹೋದ ಹಣ ಏನೇನೂ ಅಲ್ಲ. ಹೋದದ್ದು ಕಾಲ.

ಘಾನಾದ ಅಕ್ರಾದಲ್ಲಿ ಇನ್ನೊಂದು ಉದಾಹರಣೆ. ಹಳದಿ ಜ್ವರದ ಸಂಶೋಧನೆಗೆ ಹೋದ ಹಿದೆಯೊ ನೊಗುಚಿ 1928ರಲ್ಲಿ ಅದೇ ಜ್ವರದಿಂದ ಅಲ್ಲಿಯೇ ಸತ್ತರು. ಅವರ ಹೆಸರಿನಲ್ಲಿ 1979ರಲ್ಲಿ ಜಪಾನಿನ ನೆರವಿನಿಂದ ಘಾನಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಂಸ್ಥೆ ಆರಂಭವಾಯಿತು. (ನೊಗುಚಿಯ ಮುಖ ಇಪ್ಪತ್ತು ವರ್ಷ ಸಾವಿರ ಯೆನ್ ನೋಟಿನ ಮೇಲಿತ್ತು. 2024ರಲ್ಲಿ ಅವರ ಜಾಗಕ್ಕೆ ಬಂದವರೂ ರೋಗಾಣು ವಿಜ್ಞಾನಿಯೇ, ಶಿಬಾಸಬುರೊ ಕಿತಸಾಟೊ. ನೋಟಿನ ಮೇಲೆ ಒಬ್ಬ ಸೂಕ್ಷ್ಮಜೀವಿ ತಜ್ಞನನ್ನು ತೆಗೆದು ಇನ್ನೊಬ್ಬನನ್ನು ಇಡುವ ದೇಶ ಬೇರೆ ಯಾವುದಿದೆ?) ದಶಕಗಳ ಕಾಲ ಜಪಾನಿನ ವಿಜ್ಞಾನಿಗಳು ಅಲ್ಲಿಗೆ ಹೋಗಿ ಕೆಲಸ ಮಾಡಿದರು, ಘಾನಾದವರು ಜಪಾನಿನಲ್ಲಿ ಕಲಿತು ಬಂದರು. 2020ರಲ್ಲಿ ಕೋವಿಡ್ ಬಂದಾಗ ಘಾನಾದ ಆರಂಭದ ಪಿಸಿಆರ್ ಪರೀಕ್ಷೆಗಳ ಬಹುದೊಡ್ಡ ಪಾಲು ನಡೆದದ್ದು ಆ ಸಂಸ್ಥೆಯಲ್ಲಿ. ಅದಕ್ಕಾಗಿ ಯಾರೂ ವಿಮಾನದಲ್ಲಿ ತಜ್ಞರನ್ನು ಕಳಿಸಬೇಕಾಗಲಿಲ್ಲ.

ಕ್ಷಯದ ಸಂಶೋಧನಾ ಸಂಸ್ಥೆಯೊಂದು ಟೋಕಿಯೊದ ಹೊರವಲಯದ ಕಿಯೊಸೆಯಲ್ಲಿ 1963ರಿಂದ ವಿದೇಶಿ ವೈದ್ಯರಿಗೆ, ಪ್ರಯೋಗಾಲಯದವರಿಗೆ ತರಬೇತಿ ಕೊಡುತ್ತ ಬಂದಿದೆ. ಹಲವು ದೇಶಗಳ ಕ್ಷಯ ಕಾರ್ಯಕ್ರಮಗಳನ್ನು ನಡೆಸಿದವರು ಅಲ್ಲಿಯ ಹಳೆಯ ವಿದ್ಯಾರ್ಥಿಗಳು.

ಹಣ ಕೊಡುವ ಬಗೆಯಲ್ಲೂ ಒಂದೆರಡು ಸಲ ಜಪಾನ್ ಹೊಸ ದಾರಿ ತುಳಿದಿದೆ. 2011ರಲ್ಲಿ ಪೋಲಿಯೊ ಲಸಿಕೆಗೆಂದು ಪಾಕಿಸ್ತಾನಕ್ಕೆ ಸುಮಾರು 500 ಕೋಟಿ ಯೆನ್ ಸಾಲ ಕೊಟ್ಟಿತು. ಲಸಿಕೆಯ ಗುರಿ ಮುಟ್ಟಿದರೆ ಸಾಲವನ್ನು ಪಾಕಿಸ್ತಾನದ ಬದಲು ಗೇಟ್ಸ್ ಪ್ರತಿಷ್ಠಾನ ತೀರಿಸಬೇಕು ಎಂಬುದು ಒಪ್ಪಂದ. ಗುರಿ ತಪ್ಪಿದರೆ ಸಾಲ ಸಾಲವೇ. 2014ರಲ್ಲಿ ನೈಜೀರಿಯಾಕ್ಕೆ ಇದೇ ಮಾದರಿಯಲ್ಲಿ 828 ಕೋಟಿ ಯೆನ್ ಹೋಯಿತು. 2020ರ ಆಗಸ್ಟ್‌ನಲ್ಲಿ ಆಫ್ರಿಕಾ ಖಂಡ ಕಾಡು ಪೋಲಿಯೊದಿಂದ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಪಾಕಿಸ್ತಾನದಲ್ಲಿ ವೈರಾಣು ಇನ್ನೂ ಇದೆ, ಆದ್ದರಿಂದ ಈ ಉಪಾಯ ಎಲ್ಲ ಬೀಗಕ್ಕೂ ಕೀಲಿಕೈ ಎನ್ನುವಂತಿಲ್ಲ. ಆದರೂ ಜಪಾನಿನ ನೆರವು ಹೆಚ್ಚಾಗಿ ಸಾಲದ ರೂಪದಲ್ಲೇ ಇರುತ್ತದೆ ಎಂಬ ದೌರ್ಬಲ್ಯವನ್ನು ಇಲ್ಲಿ ಬಲವಾಗಿ ತಿರುಗಿಸಿಕೊಂಡದ್ದು ಮೆಚ್ಚತಕ್ಕದ್ದು. ಹತ್ತು ವರ್ಷಗಳಲ್ಲಿ ಇದನ್ನು ಇನ್ನಷ್ಟು ಕಡೆ ಬಳಸಬಹುದಿತ್ತು.

ಔಷಧ ಕ್ಷೇತ್ರದಲ್ಲಿ 2013ರಲ್ಲಿ ಆರಂಭವಾದ ಜಿಎಚ್‌ಐಟಿ ನಿಧಿ ಇಂಥದೇ ಕೆಲಸ. ಲಾಭ ಬರದೆಂದು ಕಂಪನಿಗಳು ಬದಿಗಿಟ್ಟ ರೋಗಗಳಿಗೆ ಔಷಧ, ಲಸಿಕೆ ಹುಡುಕಲು ಜಪಾನ್ ಸರ್ಕಾರ, ಅಲ್ಲಿಯ ಔಷಧ ಕಂಪನಿಗಳು, ಗೇಟ್ಸ್ ಪ್ರತಿಷ್ಠಾನ ಒಟ್ಟಿಗೆ ಹಣ ಹಾಕಿದವು. ಯಮನಾಶಿಯನ್ನು ಕಾಡಿದ ರೋಗದ ಕುಟುಂಬಕ್ಕೇ ಸೇರಿದ ಶಿಸ್ಟೊಸೊಮಿಯಾಸಿಸ್‌ಗೆ ದೊಡ್ಡವರ ಮಾತ್ರೆ ಬಹಳ ಹಿಂದಿನಿಂದ ಇತ್ತು. ಕಹಿಯಾದ, ದಪ್ಪನಾದ ಆ ಮಾತ್ರೆಯನ್ನು ಮೂರು ವರ್ಷದ ಮಗು ನುಂಗಲಾರದು. ಬಾಯಲ್ಲಿ ಕರಗುವ ಮಕ್ಕಳ ಮಾತ್ರೆಯ ಆರಂಭಿಕ ರೂಪ ಜಪಾನಿನ ಅಸ್ಟೆಲ್ಲಾಸ್ ಕಂಪನಿಯಲ್ಲಿ ತಯಾರಾಯಿತು, ಹಲವು ದೇಶಗಳ ಒಕ್ಕೂಟವೊಂದು ಅದನ್ನು ಮುಂದುವರಿಸಿತು, 2023ರ ಡಿಸೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಅದಕ್ಕೆ ಅನುಕೂಲಕರ ಅಭಿಪ್ರಾಯ ಕೊಟ್ಟಿತು. ಆನೆಕಾಲು ರೋಗಕ್ಕೆ ಬೇಕಾದ ಡಿಇಸಿ ಮಾತ್ರೆಗಳನ್ನು ಎಯ್ಸಾಯ್ ಕಂಪನಿ ತನ್ನ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ತಯಾರಿಸಿ ವಿಶ್ವ ಆರೋಗ್ಯ ಸಂಸ್ಥೆಗೆ ಉಚಿತವಾಗಿ ಒದಗಿಸಿದೆ.

ಮನೆಯೊಳಗಿನ ಇರುಸುಮುರುಸು

ಹೊರಗೆ ಬೋಧಿಸುವವನ ಮನೆಯನ್ನು ಜನ ಇಣುಕಿ ನೋಡುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಜಪಾನ್ 2013ರ ಏಪ್ರಿಲ್‌ನಲ್ಲಿ ವಾಡಿಕೆಯ ಪಟ್ಟಿಗೆ ಸೇರಿಸಿ, ಅಡ್ಡಪರಿಣಾಮದ ವರದಿಗಳಿಗೆ ಬೆದರಿ ಜೂನ್‌ನಲ್ಲೇ ಸಕ್ರಿಯ ಶಿಫಾರಸನ್ನು ನಿಲ್ಲಿಸಿತು. ಶೇ 70ರ ಆಸುಪಾಸಿನಲ್ಲಿದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸುರಕ್ಷತಾ ಸಮಿತಿ 2015ರಲ್ಲಿ ಜಪಾನಿನ ಹೆಸರು ಹಿಡಿದೇ ಟೀಕಿಸಿತು. ಶಿಫಾರಸು ಮರಳಿದ್ದು 2022ರ ಏಪ್ರಿಲ್‌ನಲ್ಲಿ. ಇಸೆ-ಶಿಮಾ ಘೋಷಣೆ ಹೊರಟಾಗ ಜಪಾನಿನ ಹುಡುಗಿಯರಿಗೆ ಈ ಲಸಿಕೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು.

ಕೋವಿಡ್ ಕಾಲದಲ್ಲೂ ಮುಜುಗರ. ಇಷ್ಟು ದೊಡ್ಡ ಔಷಧ ಉದ್ಯಮವಿದ್ದೂ ದೇಶೀಯ ಎಂಆರ್‌ಎನ್‌ಎ ಲಸಿಕೆಗೆ ಮೊದಲ ಅನುಮೋದನೆ ಸಿಕ್ಕಿದ್ದು 2023ರ ಆಗಸ್ಟ್‌ನಲ್ಲಿ. ಬಡ ದೇಶಗಳಿಗೂ ಕೋವಿಡ್ ಲಸಿಕೆ ತಲುಪಿಸುವ ಜಾಗತಿಕ ಯೋಜನೆ ಕೊವ್ಯಾಕ್ಸ್‌ಗೆ ಒಟ್ಟು 100 ಕೋಟಿ ಡಾಲರ್ ಕೊಡುವುದಾಗಿ 2021ರ ಜೂನ್‌ನಲ್ಲಿ ಜಪಾನ್ ಹೇಳಿತು, ತೈವಾನಿಗೆ 12.4 ಲಕ್ಷ ಡೋಸ್ ಕಳಿಸಿತು. ಅದೇ ಹೊತ್ತಿಗೆ ಅದು ಮಾಡಿದ, ಹೆಚ್ಚು ಸುದ್ದಿಯಾಗದ ಕೆಲಸವೆಂದರೆ ಬಡ ದೇಶಗಳಿಗೆ ಶೀತಲೀಕರಣ ಪೆಟ್ಟಿಗೆ, ಸಾಗಣೆ ಸಲಕರಣೆಗಳನ್ನು ಕೊಟ್ಟದ್ದು. ಲಸಿಕೆ ವಿಮಾನ ನಿಲ್ದಾಣದಲ್ಲಿ ಕೊಳೆಯದೆ ಹಳ್ಳಿ ತಲುಪಬೇಕೆಂಬುದು ಅಲ್ಲಿ ಯಾರಿಗೋ ಹೊಳೆದಿತ್ತು.

ಇವೆಲ್ಲಕ್ಕಿಂತ ಮುಜುಗರದ ವಿಷಯ ಸಿಗರೇಟು. ಜಪಾನ್ ಟೊಬ್ಯಾಕೊ ಕಂಪನಿಯ ಮೂರನೇ ಒಂದಕ್ಕಿಂತ ಹೆಚ್ಚು ಷೇರು ಸರ್ಕಾರದ ಕೈಯಲ್ಲೇ ಇರಬೇಕೆಂದು ಕಾನೂನು ಹೇಳುತ್ತದೆ. ಆ ಷೇರುಗಳು ಹಣಕಾಸು ಮಂತ್ರಿಯ ಹೆಸರಿನಲ್ಲಿವೆ. ತಂಬಾಕು ಉದ್ಯಮದ ಸದೃಢ ಬೆಳವಣಿಗೆಯೇ 1984ರ ತಂಬಾಕು ವ್ಯವಹಾರ ಕಾಯ್ದೆಯ ಉದ್ದೇಶ. ಜಪಾನ್ 2004ರಲ್ಲಿ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು, ಆದರೆ ಕಾಯ್ದೆ ಹಾಗೆಯೇ ಉಳಿಯಿತು. ದೇಶದೊಳಗೆ ಸೇದುವವರು ಕಡಿಮೆಯಾದಂತೆ ಕಂಪನಿ ಹೊರಗೆ ಹೋಯಿತು: 2011ರಲ್ಲಿ ಸುಡಾನ್, ಆಮೇಲೆ ಇಥಿಯೋಪಿಯಾ, 2018ರಲ್ಲಿ ಬಾಂಗ್ಲಾದೇಶದ ದೊಡ್ಡ ಸಿಗರೇಟು ಉದ್ಯಮವೊಂದರ ಖರೀದಿ. ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಖಜಾನೆ ಢಾಕಾದ ತಾಯಂದಿರ ಆರೋಗ್ಯಕ್ಕೆ ನೆರವನ್ನೂ ಕೊಡುತ್ತದೆ, ಢಾಕಾದ ಗಂಡಸರ ಸಿಗರೇಟಿನಿಂದ ಲಾಭಾಂಶವನ್ನೂ ಪಡೆಯುತ್ತದೆ. ಜಪಾನಿನ ಆರೋಗ್ಯ ಕಾರ್ಯನೀತಿಯ ದಾಖಲೆಗಳಲ್ಲಿ ಈ ವಿಷಯಕ್ಕೆ ಜಾಗವಿಲ್ಲ.

2025ರ ನಂತರ

2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಹೋಗುವ ಆದೇಶ ಹೊರಡಿಸಿತು, ಅದರ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಕೆಲವೇ ತಿಂಗಳಲ್ಲಿ ಕಳಚಿಬಿತ್ತು. ತನ್ನ ನೆರವನ್ನು 2027ರ ಹೊತ್ತಿಗೆ ವರಮಾನದ ಶೇ 0.3ಕ್ಕೆ ಇಳಿಸುವುದಾಗಿ ಬ್ರಿಟನ್ ಪ್ರಕಟಿಸಿತು. ಆ ಖಾಲಿ ಜಾಗವನ್ನು ಜಪಾನ್ ಹಣದಿಂದ ತುಂಬಲಾರದು, ತುಂಬಲು ಹೊರಡುವುದು ಬೇಕೂ ಇಲ್ಲ. ಸಾಲದ ಹೊರೆ, ಮುಪ್ಪಾಗುತ್ತಿರುವ ಜನಸಂಖ್ಯೆ, ಕುಸಿದ ಯೆನ್, ಮೂರೂ ಅದರ ಕೈ ಕಟ್ಟಿವೆ. ಅದಕ್ಕೆ ಸಾಧ್ಯವಿರುವ ಕೆಲಸಗಳು ಬೇರೆ.

ಮೊದಲನೆಯದು ಜನ. ಸಚಿವಾಲಯದ ಅಧಿಕಾರಿ ಎರಡು ಮೂರು ವರ್ಷಕ್ಕೊಮ್ಮೆ ಹುದ್ದೆ ಬದಲಿಸುವ ಪದ್ಧತಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದ ಸಮಿತಿಗಳ ಒಳಸುಳಿ ಅರ್ಥವಾಗುವ ಹೊತ್ತಿಗೆ ಟೋಕಿಯೊಗೆ ಮರಳುವ ಆದೇಶ ಬಂದಿರುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳಲ್ಲಿ ಜಪಾನಿನವರ ಸಂಖ್ಯೆ ಅದು ಕಟ್ಟುವ ಚಂದಾಕ್ಕೆ ತಕ್ಕಷ್ಟಿಲ್ಲ ಎಂಬ ಕೊರಗು ಟೋಕಿಯೊದಲ್ಲಿ ಹಳೆಯದು. ಹತ್ತು ವರ್ಷ ಅದೇ ವಿಷಯದಲ್ಲಿ ಇರುವ, ಹೊರಗಿನ ಸಂಸ್ಥೆಯಲ್ಲಿ ದುಡಿದು ಮರಳಿದರೆ ಬಡ್ತಿ ಕಳೆದುಕೊಳ್ಳದ ಒಂದು ವೃತ್ತಿದಾರಿ ಬೇಕು. ಸಾಲಾತಿಗಾದಲ್ಲೂ ಅಕ್ರಾದಲ್ಲೂ ಕೆಲಸ ಮಾಡಿದ್ದು ಇದೇ ಸೂತ್ರ. ಅದನ್ನು ಸಚಿವಾಲಯಕ್ಕೂ ತಂದರಾಯಿತು.

ಎರಡನೆಯದು, ವಿಮೆ ಮತ್ತು ಔಷಧ ನಿಯಂತ್ರಣದ ಪಾಠವನ್ನು ಕಾರ್ಯಾಗಾರದ ಹೊರಗೆ ತರುವುದು. ಜಪಾನಿನ ಔಷಧ ನಿಯಂತ್ರಣ ಸಂಸ್ಥೆ ಪಿಎಂಡಿಎ 2024ರಲ್ಲಿ ಬ್ಯಾಂಕಾಕಿನಲ್ಲಿ ಕಚೇರಿ ತೆರೆದದ್ದು ಸರಿಯಾದ ಹೆಜ್ಜೆ. ವಿಶ್ವಬ್ಯಾಂಕ್, ವಿಶ್ವ ಆರೋಗ್ಯ ಸಂಸ್ಥೆಗಳೊಡನೆ ಸೇರಿ ಟೋಕಿಯೊದಲ್ಲಿ ಸಾರ್ವತ್ರಿಕ ಆರೋಗ್ಯ ರಕ್ಷಣೆಯ ಜ್ಞಾನ ಕೇಂದ್ರ ತರುವ ಕೆಲಸವೂ ಒಳ್ಳೆಯದೇ, ಅಲ್ಲಿ ಹೇಳಿಕೊಡುವುದು 1961ರ ವೈಭವವನ್ನಷ್ಟೇ ಆಗದಿದ್ದರೆ. 2002ರಲ್ಲಿ ತೆರಿಗೆ ಹಣದಿಂದ ಎಲ್ಲರಿಗೂ ರಕ್ಷಣೆ ಕೊಟ್ಟ ಥಾಯ್ಲೆಂಡ್ ಬೇರೆಯೇ ದಾರಿ ಹಿಡಿದು ಗೆದ್ದಿತು. ಬಡ ದೇಶಗಳ ಅಧಿಕಾರಿಗಳಿಗೆ ಆ ದಾರಿಯೇ ಹೆಚ್ಚು ಹತ್ತಿರ. ಜಪಾನ್ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕು. ಎಚ್‌ಪಿವಿಯ ಒಂಬತ್ತು ವರ್ಷಗಳನ್ನೂ ಪಾಠಕ್ಕೆ ಸೇರಿಸಿದರೆ ಲಸಿಕೆ ಬಗೆಗಿನ ಅನುಮಾನದ ಜೊತೆ ಹೆಣಗುತ್ತಿರುವ ದೇಶಗಳು ಕಿವಿಗೊಟ್ಟು ಕೇಳುತ್ತವೆ.

ಮೂರನೆಯದು ತಂಬಾಕು ಕಂಪನಿಯ ಆ ಷೇರುಗಳು. 2011ರ ಭೂಕಂಪ ಮತ್ತು ಸುನಾಮಿಯ ನಂತರ ಪುನರ್ನಿರ್ಮಾಣದ ಹಣಕ್ಕಾಗಿ ಜಪಾನಿನ ಸಂಸತ್ತು ಕಾನೂನು ತಿದ್ದಿ, ಸರ್ಕಾರ ಇಟ್ಟುಕೊಳ್ಳಲೇಬೇಕಾದ ಪಾಲನ್ನು ಅರ್ಧದಿಂದ ಮೂರನೇ ಒಂದಕ್ಕೆ ಇಳಿಸಿತು; 2013ರಲ್ಲಿ ಷೇರು ಮಾರಿ ಹಣ ಎತ್ತಿತು. ಹಾಗಾಗಿ ಸಾಧ್ಯವೇ ಇಲ್ಲ ಎಂಬ ವಾದಕ್ಕೆ ಜಪಾನಿನ ಇತಿಹಾಸವೇ ಉತ್ತರ ಹೇಳುತ್ತದೆ. ಉಳಿದ ಪಾಲನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಮಾರಿ, ಬಂದ ಹಣವನ್ನು ವರ್ಷವರ್ಷದ ಬಜೆಟ್ ಜಗ್ಗಾಟದಿಂದ ಹೊರಗಿಟ್ಟು ಗ್ಲೋಬಲ್ ಫಂಡ್, ಜಿಎಚ್‌ಐಟಿ, ಪೋಲಿಯೊ ಮಾದರಿಯ ಸಾಲ ಪರಿವರ್ತನೆಗಳಿಗೆ ಮೀಸಲಿಟ್ಟರೆ, ಶೃಂಗಸಭೆ ಇರಲಿ ಇಲ್ಲದಿರಲಿ ಹಣ ಹರಿಯುತ್ತದೆ. ತಂಬಾಕು ಬೆಳೆಗಾರರ ಬೆಂಬಲ ಬೇಕಾದ ರಾಜಕಾರಣಿಗಳು ಇದನ್ನು ವಿರೋಧಿಸುತ್ತಾರೆ, ಲಾಭಾಂಶ ಕೈತಪ್ಪುವುದು ಹಣಕಾಸು ಸಚಿವಾಲಯಕ್ಕೂ ಇಷ್ಟವಾಗದು. ಆ ವಿರೋಧವನ್ನು ಎದುರಿಸುವ ಪ್ರಧಾನಿ ಸಿಗುತ್ತಾರೋ ಇಲ್ಲವೋ ಎಂಬುದರ ಮೇಲೆ ಈ ಸಲಹೆಯ ಭವಿಷ್ಯ ನಿಂತಿದೆ.

ಸರದಿ ಈಗಿನಂತೆಯೇ ಮುಂದುವರಿದರೆ ರಷ್ಯಾ ಹೊರಬಿದ್ದ ಮೇಲೆ ಜಿ-7 ಆಗಿರುವ ಕೂಟದ ಅಧ್ಯಕ್ಷತೆ ಜಪಾನಿಗೆ ಮತ್ತೆ ಬರುವುದು 2030ರಲ್ಲಿ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಗಡುವೂ ಅದೇ ವರ್ಷ. ಆಗ ಹೊರಡುವ ಘೋಷಣೆಯ ಕರಡನ್ನು ಟೋಕಿಯೊದ ಅಧಿಕಾರಿಗಳು 2029ರಲ್ಲಿ ಬರೆಯಲು ಕೂರುತ್ತಾರೆ. ಅಷ್ಟರೊಳಗೆ ಅವರ ಮುಂದೆ ಇರಬೇಕಾದ ಕಾಗದಗಳು ಎರಡು: ನೆರವಿನ ಬಜೆಟ್ಟಿನಲ್ಲಿ ಆರೋಗ್ಯದ ಪಾಲು ಪ್ರತಿ ವರ್ಷ ಎಷ್ಟಿತ್ತೆಂಬ ಪಟ್ಟಿ, ಮತ್ತು ತಿದ್ದುಪಡಿಯಾದ ತಂಬಾಕು ಕಾಯ್ದೆ.